ರೋಗಿ ಸಹಕರಿಸಲಿಲ್ಲ

ಅರ್ಜಿಯ ಒಂಬತ್ತನೆಯ ಕಲಮಿಗೆ ಎರಡೇ ಗೆರೆಗಳ ಜಾಗ ಬಿಟ್ಟಿದ್ದರು. ‘ಈ ವ್ಯಾಸಂಗದಿಂದ ಸಂಸ್ಥೆಗೆ ಆಗುವ ಪ್ರಯೋಜನ’ ಎಂಬ ಅಚ್ಚಿನ ಸಾಲಿನ ಕೆಳಗೆ ಅವಳು ಬೆಳಿಗ್ಗೆಯೇ ಬರೆದು ಮುಗಿಸಿದ್ದಳು. ಜಾಗ ಸಾಲದೆ ಕೊನೆಯ ಪದಗಳು ಚಿಕ್ಕದಾಗುತ್ತ ಹೋಗಿ ಕಾಗದದ ಅಂಚು ಹಿಡಿದು ಮೇಲಕ್ಕೆ ಹತ್ತಿದ್ದವು. ಈಗ ಹನ್ನೊಂದೂ ಇಪ್ಪತ್ತು. ಅರ್ಜಿ ನಾಲ್ಕು ಮಡಿಕೆಯಾಗಿ ಬಿಳಿ ಕೋಟಿನ ಜೇಬಿನಲ್ಲಿತ್ತು. ಹನ್ನೆರಡಕ್ಕೆ ಬರಲು ಆಸ್ಪತ್ರೆಯ ಅಧೀಕ್ಷಕರು ಹೇಳಿದ್ದರು. ಅವರ ಸಹಿ ಬಿದ್ದರೆ ನಾಲ್ಕು ಗಂಟೆಯೊಳಗೆ ವಿಶ್ವವಿದ್ಯಾಲಯದ ಕಿಟಕಿಯಲ್ಲಿ ಕೊಡಬೇಕು, ಇವತ್ತೇ ಕೊನೆಯ ದಿನ. ಬೀಳದಿದ್ದರೆ ಎರಡನೆಯ ಸೆಮಿಸ್ಟರಿನಲ್ಲಿ ಅವಳಿಲ್ಲ. ಎಕ್ಸ್-ರೇ ಕೋಣೆಯ ಹೊರಗಿನ ಬೆಂಚಿನಲ್ಲಿ ಒಂಬತ್ತು ಜನ ಕಾದಿದ್ದರು. ಮುಂದಿನವರು ಎಂದು ಕರೆದಾಗ ಒಬ್ಬ ಮುದುಕರು ಒಳಗೆ ಬಂದು, ಅಂಗಿ ಬಿಚ್ಚಿ, ಅವಳು ತೋರಿಸಿದ ಹಾಗೆ ಗದ್ದ ಎತ್ತಿ ಎದೆಯನ್ನು ತಣ್ಣನೆಯ ಫಲಕಕ್ಕೆ ಒತ್ತಿ ನಿಂತರು. ಅವಳು ಗಾಜಿನ ಹಿಂದೆ ಹೋಗಿ, “ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ,” ಎಂದು ಗುಂಡಿ ಒತ್ತಿದಳು. “ಬಿಡಿ. ಬಿಡಿ ಅಂದೆ. ಬಿಟ್ರಾ?” ಅಷ್ಟು ಸಾಲದೆಂಬಂತೆ ಗಾಜಿನ ಹಿಂದಿನಿಂದ ಹೊರಬಂದು ಅವರ ಬೆನ್ನು ಏರಿಳಿಯುವುದನ್ನು ನೋಡಿದಳು.

“ಯಾವಾಗಲೋ ಬಿಟ್ಟೆನಮ್ಮಾ,” ಎಂದರು ಮುದುಕರು. “ಅಂಗಿ ಹಾಕ್ಕೊಳ್ಳಲಾ, ಅದಕ್ಕೂ ನೀವೇ ಹೇಳ್ತೀರಾ?”

ಪಕ್ಕದ ಕಂಪ್ಯೂಟರಿನ ಮುಂದೆ ಕೂತಿದ್ದ ಕಿರಿಯ ತಂತ್ರಜ್ಞ ನಕ್ಕ. ಕೆಲಸದ ಹೊತ್ತೆಲ್ಲ ಗೋಡೆಯ ಕಡೆಗೇ ಕಣ್ಣಿಟ್ಟಿರುತ್ತಿದ್ದುದರಿಂದ ಅವನಿಗೆ ಗಡಿಯಾರ ಎಂದು ಹೆಸರು ಬಿದ್ದಿತ್ತು. “ಅಕ್ಕ, ಒಂದ್ಸಲ ಹೇಳಿದ್ರೆ ಸಾಕು. ಉಸಿರನ್ನ ಯಾರೂ ಮನೆಗೆ ಕಟ್ಕೊಂಡು ಹೋಗಲ್ಲ,” ಎಂದ. ಅವಳು ನಗಲಿಲ್ಲ. ಇಪ್ಪತ್ತಾರು ವರ್ಷಗಳಲ್ಲಿ, ದಿನಕ್ಕೆ ಮೂವತ್ತು ಎದೆ ಎಂದರೂ, ‘ಬಿಡಿ’ ಎಂಬ ಆ ಎರಡಕ್ಷರವನ್ನು ಎರಡು ಲಕ್ಷ ಸಲಕ್ಕೆ ಕಮ್ಮಿಯಿಲ್ಲದಂತೆ ಹೇಳಿದ್ದಳು. ಹೇಳಿದ್ದೇನೆಂಬ ಅರಿವೂ ಇಲ್ಲದಷ್ಟು ಹೇಳಿದ್ದಳು. ಕಳೆದ ವರ್ಷ ಬೇರೆ ಭಾಷೆಯ ಆ ಕೆಲಸದವನು ಇದೇ ಫಲಕದ ಮುಂದೆ ನಿಂತ ದಿನವೂ ಹೇಳಿದ್ದಳು. ಅದರಲ್ಲಿ ಅವಳಿಗೆ ಯಾವ ಅನುಮಾನವೂ ಇಲ್ಲ. ಅಭ್ಯಾಸದಂತೆ, ನಮ್ಮ ಭಾಷೆಯಲ್ಲಿ ಹೇಳಿದ್ದಳು. ಆದರೆ ಹಿಡಿದುಕೊಳ್ಳಿ ಎಂದದ್ದು ಅವನ ಭಾಷೆಯಲ್ಲಿ. ಹೊಸ ಕಟ್ಟಡಗಳ ಕೆಲಸಕ್ಕೆ ಆ ಭಾಷೆಯ ಜನ ತಂಡತಂಡವಾಗಿ ಬರತೊಡಗಿದ ಮೇಲೆ, ಮಸುಕು ಬಂದ ಚಿತ್ರಗಳನ್ನು ಎರಡೆರಡು ಸಲ ತೆಗೆದು ಬೇಸತ್ತು, ಆ ಭಾಷೆ ಬಲ್ಲ ನೆಲ ಒರೆಸುವ ಹೆಂಗಸನ್ನು ಕೇಳಿ ಅದೊಂದೇ ವಾಕ್ಯ ಕಲಿತು, ಚೀಟಿಯಲ್ಲಿ ಬರೆದು ಗುಂಡಿಯ ಪಕ್ಕ ಅಂಟಿಸಿಕೊಂಡಿದ್ದಳು. ಉಸಿರು ಎಳೆದು ಹಿಡಿದುಕೊಳ್ಳಿ. ಅರ್ಧ ಕೆಲಸಕ್ಕೆ ಬೇಕಾದಷ್ಟು ಭಾಷೆ. ಇನ್ನರ್ಧವನ್ನು ಕೇಳಬೇಕೆಂದು ಅವಳಿಗೆ ತೋಚಿರಲೂ ಇಲ್ಲ, ಯಾಕೆಂದರೆ ಚಿತ್ರ ಮೂಡುವುದಕ್ಕೆ ಆ ಇನ್ನರ್ಧ ಬೇಕಾಗಿರಲಿಲ್ಲ.

ಅವನು ಟೈಲ್ಸ್ ಕೆಲಸದವನು. ಮೂರು ದಿನದ ಜ್ವರ, ಕೆಮ್ಮು, ಮಂಡಿಯ ಮೇಲೆ ಒಣಗಿದ ಸಿಮೆಂಟು. ತನ್ನ ಮಾತು ಈ ಕೋಣೆಯಲ್ಲಿ ಕೇಳಿಸಿದ್ದೇ ಅವನ ಮುಖ ಅರಳಿದ್ದನ್ನು ಅವಳು ನೋಡಿದ್ದಳು. ಒಂದು ಗಳಿಗೆ ಹೆಮ್ಮೆಯೂ ಆಗಿತ್ತು. ಅವನು ತಿರುಗಿ ಫಲಕಕ್ಕೆ ಎದೆಯೊತ್ತಿ, ಭುಜದ ಮೂಳೆಗಳು ಏಳುವ ಹಾಗೆ ಉಸಿರು ಎಳೆದು ನಿಂತ. ಗುಂಡಿ ಒತ್ತಿ ‘ಬಿಡಿ’ ಎಂದದ್ದೇ ಫೋನು ಬಡಿದುಕೊಂಡಿತು. ಮೇಲಿನ ವಾರ್ಡಿನವರು ಯಾರದೋ ಹಾಸಿಗೆಯ ನಂಬರನ್ನು ತಪ್ಪು ಬರೆದು ಕಳಿಸಿ, ಈಗ ಅವಳನ್ನೇ ಜೋರು ಮಾಡುತ್ತಿದ್ದರು. ಅವಳೂ ಬಿಟ್ಟುಕೊಡಲಿಲ್ಲ. ಹನ್ನೆರಡಲ್ಲ, ಇಪ್ಪತ್ತೊಂದು, ನೀವೇ ಬರೆದಿದ್ದೀರಿ, ಬೇಕಾದರೆ ಚೀಟಿ ತಂದು ತೋರಿಸುತ್ತೇನೆ. ಗಾಜಿನಾಚೆ ಅವನ ಬೆನ್ನು ಅಲ್ಲಾಡದೆ ನಿಂತಿತ್ತು, ಮತ್ತು ಅಲ್ಲಾಡದ ಬೆನ್ನು ಅವಳ ವೃತ್ತಿಯಲ್ಲಿ ಒಳ್ಳೆಯ ಬೆನ್ನು. ಅಷ್ಟು ಹೊತ್ತು ಯಾರೂ ಉಸಿರು ಕಟ್ಟಲಾರರು, ನಡುವೆ ಒಂದೆರಡು ಸಲ ಕದ್ದು ಎಳೆದುಕೊಂಡು ಮತ್ತೆ ಹಿಡಿದಿರಬೇಕು, ಜ್ವರದಲ್ಲಿ ಹೊಟ್ಟೆಗಿಲ್ಲದೆ ನಿಂತು ತಿಣುಕಿದ್ದಕ್ಕೆ ರಕ್ತದೊತ್ತಡ ಬಿದ್ದಿದೆ ಎಂದು ಆಮೇಲೆ ವೈದ್ಯರು ಹೇಳಿದರು. ಅವಳಿಗೆ ಕೇಳಿಸಿದ್ದು ಬಿದ್ದ ಸದ್ದು. ಎಡಗೈ ಮೈಯಡಿಗೆ ಸಿಕ್ಕಿ ಮಣಿಕಟ್ಟು ಎರಡು ಕಡೆ ಮುರಿದಿತ್ತು. ಆ ಚಿತ್ರವನ್ನೂ ಅವಳೇ ತೆಗೆದಳು.

ಎದೆಯ ಚಿತ್ರ ಚೆನ್ನಾಗಿ ಬಂದಿತ್ತು. ಅಂಥ ಸ್ಪಷ್ಟ ಚಿತ್ರ ವಾರಕ್ಕೊಂದು ಬಂದರೆ ಹೆಚ್ಚು. ರಿಜಿಸ್ಟರಿನಲ್ಲಿ ಅದರ ಮುಂದಿನ ಷರಾ ಕಾಲಮಿನಲ್ಲಿ ಅವಳು ರಬ್ಬರ್ ಸ್ಟಾಂಪು ಒತ್ತಿದಳು: ‘ರೋಗಿ ಸಹಕರಿಸಲಿಲ್ಲ’. ಅಲ್ಲಾಡಿದವರಿಗೆ, ಕೆಮ್ಮಿದವರಿಗೆ, ಅತ್ತ ಮಕ್ಕಳಿಗೆ ಪದೇ ಪದೇ ಬರೆಯಲು ಬೇಜಾರೆಂದು ಯಾವ ಕಾಲದಲ್ಲೋ ಯಾರೋ ಮಾಡಿಸಿಟ್ಟ ಸ್ಟಾಂಪು ಅದು. ಅಧೀಕ್ಷಕರು ಬಾಗಿಲಲ್ಲಿ ನಿಂತಿದ್ದರು. ಷರಾ ಏನು ಹಾಕುತ್ತೀರಿ ಎಂದು ಕೇಳಿದ್ದರು ಅಷ್ಟೇ, ಇದನ್ನೇ ಹಾಕಿ ಎಂದಿರಲಿಲ್ಲ. ಕೈ ತಾನಾಗಿ ಹೋಗಿ ಅದನ್ನೇ ಎತ್ತಿಕೊಂಡಿತು. ಕೈ ತಾನಾಗಿ ಹೋಯಿತು ಎನ್ನುವುದು ಕೂಡ ಇಷ್ಟು ತಿಂಗಳು ಅವಳು ತನಗೆ ತಾನೇ ಹೇಳಿಕೊಂಡ ಸುಳ್ಳು. ಒತ್ತುವ ಮುಂಚೆ ಸ್ಟಾಂಪಿಗೆ ಮಸಿ ಇದೆಯೇ ಎಂದು ಅಂಗೈಯ ಮೇಲೆ ಒತ್ತಿ ನೋಡಿಕೊಂಡದ್ದು ಅವಳಿಗೆ ನೆನಪಿದೆ. ಮನೆಗೆ ಹೋಗಿ ಸೋಪು ಹಾಕಿ ತಿಕ್ಕಿದರೂ ‘ಸಹಕರಿ’ ಎನ್ನುವಷ್ಟು ಎರಡು ದಿನ ಉಳಿದಿತ್ತು.

ಅದಾದ ಹದಿನೆಂಟನೆಯ ದಿನ ಅವಳು ವಿಶ್ವವಿದ್ಯಾಲಯದಲ್ಲಿ ಆ ಭಾಷೆಯ ತರಗತಿಗೆ ಸೇರಿದಳು. ಮಂಗಳವಾರ, ಗುರುವಾರ, ಸಂಜೆ ನಾಲ್ಕೂವರೆ. ಮೂವತ್ತೊಂದು ವಿದ್ಯಾರ್ಥಿಗಳು, ಅವಳನ್ನು ಬಿಟ್ಟು ಉಳಿದವರೆಲ್ಲ ಇಪ್ಪತ್ತರ ಆಸುಪಾಸು. ಮೊದಲ ದಿನ ಅವಳು ಒಳಗೆ ಕಾಲಿಟ್ಟಾಗ ಇಡೀ ತರಗತಿ ಎದ್ದು ನಿಂತಿತು, ಅವಳೇ ಮೇಡಂ ಎಂದುಕೊಂಡು. ಅವಳು ಹೋಗಿ ಮೂರನೆಯ ಬೆಂಚಿನಲ್ಲಿ ಕೂತಾಗ ಅವರು ನಿಂತವರು ನಿಂತ ಹಾಗೇ ಇದ್ದರು. ಮೇಷ್ಟ್ರು ಅವಳ ಮಗಳಿಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರಿರಬಹುದು. ಅವರು ತುಟಿ ಹೀಗೆ ಇಡಿ, ನಾಲಿಗೆ ಹಾಗೆ ಮಡಿಸಿ ಎಂದು ತೋರಿಸುವಾಗ, ಐವತ್ತೆರಡು ವರ್ಷದ ಬಾಯಿ ಆ ಆಕಾರಕ್ಕೆ ಬಗ್ಗದೆ, ಹಿಂದಿನ ಬೆಂಚಿನಿಂದ ಕಿಸಕ್ಕೆಂದ ನಗು ಕುತ್ತಿಗೆಗೆ ಬಂದು ತಗಲುತ್ತಿತ್ತು. ಮಗಳು ಅದೇ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತಾಳೆ. “ಅಮ್ಮಾ, ಕ್ಯಾಂಟೀನಲ್ಲಿ ನನ್ನ ಸ್ಟೂಡೆಂಟ್ಸ್ ಬಂದು, ಮೇಡಂ, ನಿಮ್ಮಮ್ಮ ನಮ್ಮ ಕ್ಲಾಸ್‌ಮೇಟು, ಹೋಮ್‌ವರ್ಕ್ ನಮ್ಮ ಹತ್ರ ಕಾಪಿ ಹೊಡೀತಾರೆ ಅಂತಾರೆ. ನಾನು ಮುಖ ಎಲ್ಲಿ ಇಟ್ಕೊಳ್ಳಲಿ?” ಎಂದಿದ್ದಳು. “ಒಂದ್ಸಲ ಮಾತ್ರ ಕಾಪಿ ಹೊಡೆದದ್ದು,” ಎಂದಿದ್ದಳು ಇವಳು. ಗಂಡ ಪೇಪರಿನ ಹಿಂದಿನಿಂದ, “ನಮ್ಮ ಭಾಷೇಲಿ ಆಡಿದ್ದೇ ನನಗೆ ಅರ್ಥ ಆಗಲ್ಲ, ಇನ್ನೊಂದು ಬೇರೆ ಕಲೀತಿದ್ದಾಳೆ,” ಎಂದಿದ್ದರು. ಮಗಳು ಬಿಟ್ಟಿರಲಿಲ್ಲ. ಪ್ರಮೋಷನ್ನಿಗೆ ಲೆಕ್ಕಕ್ಕೆ ಬರುತ್ತಾ? ಇಲ್ಲ. ಆ ಊರುಗಳಿಗೆ ಹೋಗುವವಳಾ? ಇಲ್ಲ. ಮತ್ತೆ ಏನು ಪ್ರಯೋಜನ, ಒಂದಾದರೂ ಹೇಳು ನೋಡೋಣ. ಸ್ಟಾಂಪಿನ ವಿಷಯ ಅವಳು ಮನೆಯಲ್ಲಿ ಹೇಳಿರಲಿಲ್ಲ. ನೂರಕ್ಕೆ ನಲವತ್ತೊಂದು ಬಂದು ಮೊದಲ ಸೆಮಿಸ್ಟರ್ ಪಾಸಾದಾಗ ಮಗಳು ಅಂಕಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ತರಗತಿಯ ಸರಾಸರಿ ಎಷ್ಟು ಎಂದು ಕೇಳಿದಳು.

ಪ್ರಯೋಜನ ಮೊದಲು ಕಂಡದ್ದು ಏಳನೆಯ ತರಗತಿ ಮುಗಿದ ವಾರ. ಪ್ಲಾಸ್ಟರ್ ತೆಗೆದ ಮೇಲಿನ ಚಿತ್ರಕ್ಕೆಂದು ಅವನು ಬಂದಿದ್ದ. ಕಲಿಯದೆ ಇದ್ದಿದ್ದರೆ ಆ ದಿನ ಸುಲಭವಾಗಿ ಕಳೆದುಹೋಗುತ್ತಿತ್ತು ಎಂದು ಅವಳಿಗೆ ಈಗಲೂ ಅನ್ನಿಸುತ್ತದೆ. ಬಿಳಚಿಕೊಂಡು ಸಣ್ಣಗಾಗಿದ್ದ ಕೈಯನ್ನು ಅವಳು ಫಲಕದ ಮೇಲೆ ಇಟ್ಟು ಬೆರಳುಗಳನ್ನು ಬಿಡಿಸುತ್ತಿದ್ದಾಗ ಅವನು ತಲೆ ತಗ್ಗಿಸಿಕೊಂಡು ಒಂದು ಮಾತು ಹೇಳಿದ. ಮೊದಲಾದರೆ ಅದು ಅವಳಿಗೆ ಬರೀ ಸದ್ದು. ನಮಸ್ಕಾರವೋ, ನೋವೋ, ಹವಾಮಾನವೋ ಎಂದುಕೊಂಡು ಹ್ಞೂಂಗುಟ್ಟುತ್ತಿದ್ದಳು. ಆದರೆ ಎರಡನೆಯ ಪಾಠದಲ್ಲಿ ಬಸ್ಸಿನೊಳಗೆ ಒಬ್ಬ ಇನ್ನೊಬ್ಬರ ಕಾಲು ತುಳಿಯುತ್ತಾನಲ್ಲ, ತುಳಿದವನು ಹೇಳುವ ಮಾತು ಅದು. ನನ್ನಿಂದ ನಿಮಗೆ ತೊಂದರೆಯಾಯಿತು, ಕ್ಷಮಿಸಿ. ಮುರಿಸಿಕೊಂಡವನು, ಮುರಿದವಳಿಗೆ. ಅವಳಿಗೆ ಅರ್ಥವಾಗಿತ್ತು. ಉತ್ತರಕ್ಕಾಗಿ ಇದ್ದಬದ್ದ ಪಾಠಗಳನ್ನೆಲ್ಲ ತಡಕಾಡಿದಾಗ ಬಾಯಿಗೆ ಬಂದದ್ದು ಮೂರನೆಯ ಪಾಠದ ಮೊದಲ ಸಾಲು: ಇವತ್ತು ಹವೆ ಚೆನ್ನಾಗಿದೆ. ಅವನು ಕಿಟಕಿಯಿಲ್ಲದ ಆ ಕೋಣೆಯಲ್ಲಿ ತಲೆಯೆತ್ತಿ ನೋಡಿ, ಮರ್ಯಾದೆಯಿಂದ ಹೌದೆಂದ.

ಅವನು ಈಗಲೂ ಆಸ್ಪತ್ರೆಯ ಹಿಂದಿನ ಹೊಸ ಕಟ್ಟಡದಲ್ಲೇ ಇದ್ದಾನೆ. ಟೈಲ್ಸ್ ಕೂರಿಸುವುದಿಲ್ಲ. ಎಡಗೈ ಪೂರ್ತಿ ತಿರುಗುವುದಿಲ್ಲವಾದ್ದರಿಂದ ಕೂರಿಸುವವರಿಗೆ ಸಿಮೆಂಟು ಕಲಸಿ ಕೊಡುತ್ತಾನೆ. ಮಧ್ಯಾಹ್ನ ನೆರಳಿನಲ್ಲಿ ಕೂತು ತನ್ನ ಭಾಷೆಯ ಹಳೆಯ ಪೇಪರು ಓದುತ್ತಾನೆ. ಅವಳು ಎರಡು ಸಲ ಹತ್ತಿರ ಹೋಗಿ ಎರಡು ಸಲವೂ ಹವೆಯ ಬಗ್ಗೆ ಮಾತಾಡಿ ಬಂದಿದ್ದಾಳೆ.

ಹನ್ನೆರಡಕ್ಕೆ ಅಧೀಕ್ಷಕರು ಅರ್ಜಿ ಬಿಡಿಸಿ, ಮೇಜಿನ ಮೇಲೆ ಅಂಗೈಯಿಂದ ಮಡಿಕೆಗಳನ್ನು ಒರೆಸಿ ಓದಿದರು. ಓದುತ್ತ ಓದುತ್ತ ಕಾಗದವನ್ನು ಓರೆ ಮಾಡಿದರು, ಅಂಚಿನ ಪದಗಳಿಗಾಗಿ. ಒಂಬತ್ತನೆಯ ಕಲಮಿನಲ್ಲಿ ಅವಳು ಬರೆದದ್ದು ಮೂರೇ ವಾಕ್ಯ: ನನಗೆ ಈ ಭಾಷೆ ಬಾರದ್ದರಿಂದ ಕಳೆದ ವರ್ಷ ನಮ್ಮ ಕೋಣೆಯಲ್ಲಿ ಒಬ್ಬ ರೋಗಿಯ ಕೈ ಮುರಿಯಿತು. ರೋಗಿ ಸಹಕರಿಸಲಿಲ್ಲ ಎಂಬ ನನ್ನ ಷರಾ ಸುಳ್ಳು. ಭಾಷೆ ಕಲಿತರೆ ಇನ್ನೊಬ್ಬರ ಕೈ ಮುರಿಯುವುದಿಲ್ಲ, ಇನ್ನೊಂದು ಸುಳ್ಳು ಬರೆಯಬೇಕಾಗುವುದಿಲ್ಲ.

“ಇದೇನಮ್ಮ ಇದು?”

“ಪ್ರಯೋಜನ ಸರ್.”

“ಪ್ರಯೋಜನ ಕೇಳಿದ್ರೆ ತಪ್ಪೊಪ್ಪಿಗೆ ಬರ್ಕೊಂಡು ಬಂದಿದ್ದೀರಲ್ಲ. ಮುಂದಿನ ತಿಂಗಳು ತಪಾಸಣೆ ತಂಡ ಬರುತ್ತೆ, ಗೊತ್ತಲ್ವಾ? ಒಂದೊಂದು ಕಾಗದಾನೂ ನೋಡ್ತಾರೆ.” ಅವರು ಮೇಜಿನ ಖಾನೆಯಿಂದ ಖಾಲಿ ಅರ್ಜಿಯೊಂದನ್ನು ತೆಗೆದು ಅವಳ ಕಡೆ ಸರಿಸಿದರು. ದನಿ ಮೆತ್ತಗಿತ್ತು. ಅವರು ಕೆಟ್ಟವರಲ್ಲ; ಮೊದಲ ಸೆಮಿಸ್ಟರಿನಲ್ಲಿ ವಾರಕ್ಕೆರಡು ದಿನ ನಾಲ್ಕಕ್ಕೇ ಹೊರಡಲು ಬಾಯಿಮಾತಿನಲ್ಲೇ ಬಿಟ್ಟಿದ್ದರು. “ಬರ್ಕೊಳ್ಳಿ, ನಾನೇ ಹೇಳ್ತೀನಿ. ಭಾಷೆಯ ಕಾರಣದಿಂದ ನಮ್ಮ ಸಂಸ್ಥೆಯಲ್ಲಿ ಈವರೆಗೆ ಯಾವುದೇ ತೊಂದರೆ ಆಗಿರುವುದಿಲ್ಲ. ಸೇವೆಯನ್ನು ಇನ್ನಷ್ಟು ಉತ್ತಮಪಡಿಸುವ ದೃಷ್ಟಿಯಿಂದ... ಬರೀರಿ. ಈಗಲೇ ಸಹಿ ಹಾಕಿ ಕೊಡ್ತೀನಿ.”

ಪೆನ್ನು ಅವಳ ಕೈಯಲ್ಲೇ ಇತ್ತು. ಎರಡು ಗೆರೆಗೆ ಸರಿಯಾಗಿ ಹೊಂದುವ ವಾಕ್ಯ, ಒಂದಕ್ಷರವೂ ಅಂಚಿಗೆ ಹೋಗದು. ಬರೆದರೆ ನಾಲ್ಕೂವರೆಗೆ ಮೂರನೆಯ ಬೆಂಚು. ಆ ಬೆಂಚಿನಲ್ಲಿ ಕೂತು ಕಲಿತ ಮೇಲೆ ಅವನಿಗೆ ಹೇಳಬೇಕಾದದ್ದನ್ನು ಹೇಳಬಹುದು ಎಂದು ಒಂದು ಕ್ಷಣ ಲೆಕ್ಕ ಹಾಕಿದಳು, ಮರುಕ್ಷಣ ಆ ಲೆಕ್ಕದ ಬಗ್ಗೆ ಹೇಸಿಗೆಯಾಯಿತು. ಒಂದು ಸುಳ್ಳನ್ನು ಅಳಿಸುವುದಕ್ಕೆ ಇನ್ನೊಂದು ಸುಳ್ಳನ್ನು ಕೈಬರಹದಲ್ಲಿ. ಸ್ಟಾಂಪಾದರೂ ಬೇರೆಯವರು ಮಾಡಿಸಿದ್ದು.

“ಇದನ್ನ ಬರೆಯೋಕಾಗಲ್ಲ ಸರ್.”

“ಈಗ ಮೊಬೈಲೇ ಎಲ್ಲಾ ಅನುವಾದ ಮಾಡುತ್ತಲ್ಲಮ್ಮ. ನೀವು ಈ ವಯಸ್ಸಲ್ಲಿ ಹೋಗಿ ಮಕ್ಕಳ ಮಧ್ಯೆ ಕೂತು...”

“ಮೊಬೈಲು ಹಿಡ್ಕೊಂಡ್ರೆ ಅವರು ಮೊಬೈಲನ್ನ ನೋಡ್ತಾರೆ ಸರ್, ನನ್ನ ನೋಡಲ್ಲ. ಹೋಗಲಿ, ಸಹಿ ಆಮೇಲೆ. ಆ ಹಳೇ ರಿಜಿಸ್ಟರ್ ತೆಗೆಸಿ ಕೊಡಿ, ಷರಾ ತಿದ್ದಿ ನನ್ನ ಸಹಿ ಹಾಕ್ತೀನಿ.”

“ಅದು ದಾಖಲೆ ಕೋಣೆಗೆ ಹೋಗಿ ಬೀಗ ಬಿದ್ದಾಯ್ತು. ರೋಗಿಯಿಂದ ದೂರೇನಾದರೂ ಬಂದಿದೆಯಾ? ಬಂದಿಲ್ಲ. ದೂರು ಇಲ್ಲದೆ ಹಿಂದಿನ ವರ್ಷದ ರಿಜಿಸ್ಟರ್ ತೆಗೆಯೋ ಹಾಗಿಲ್ಲ. ನಿಯಮ.” ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ಅವನಿಗಿಲ್ಲದ ಉರಿ ನಿಮಗೆ ಯಾಕೆ?”

“ಅವನಿಗೆ ಯಾರೂ ಹೇಳಿಲ್ಲ ಸರ್. ತಪ್ಪು ತನ್ನದೇ ಅಂದ್ಕೊಂಡಿದ್ದಾನೆ.”

“ಹಾಗಾದ್ರೆ ನಾನೂ ಸಹಿ ಹಾಕಲ್ಲ. ನಾಲ್ಕಕ್ಕೆ ಹೊರಡೋದೂ ಇನ್ನು ಬೇಡ. ಎಲ್ಲರ ಹಾಗೆ ಐದೂವರೆವರೆಗೂ ಇರಿ.”

ಅವಳು ಖಾಲಿ ಅರ್ಜಿಯನ್ನು ಮೇಜಿನ ಮೇಲೇ ಬಿಟ್ಟು, ಬರೆದದ್ದನ್ನು ಮಡಿಸಿಕೊಂಡು ಬಂದಳು. ಕಾರಿಡಾರಿನಲ್ಲಿ ತನಗಾಗುತ್ತಿರುವುದು ಹೆದರಿಕೆಯೋ ಸಿಟ್ಟೋ ಗೊತ್ತಾಗಲಿಲ್ಲ. ಸಿಟ್ಟೇ ಇರಬೇಕು ಎಂದುಕೊಂಡಳು, ಯಾಕೆಂದರೆ ಬೇಗ ನಡೆಯುತ್ತಿದ್ದಳು. ಕೋಣೆಯಲ್ಲಿ ಗಡಿಯಾರ ಹೆಂಡತಿಯ ಜೊತೆ ಫೋನಿನಲ್ಲಿದ್ದ. ಎರಡು ತಿಂಗಳ ಕೂಸು ರಾತ್ರಿಯೆಲ್ಲ ಎಚ್ಚರವಿರುತ್ತದೆ, ಮುಂದಿನ ಮೂರು ತಿಂಗಳು ಇವನಿಗೆ ರಾತ್ರಿ ಪಾಳಿ. ಅವಳು ಅವನ ಎದುರು ಪಾಳಿ ಪುಸ್ತಕ ಬಿಡಿಸಿ ಇಟ್ಟಳು. ಪಾಳಿ ಬದಲಾಯಿಸಿಕೊಳ್ಳಲು ತಂತ್ರಜ್ಞರಿಬ್ಬರ ಸಹಿ ಸಾಕು, ಮೇಲಿನವರದು ಬೇಡ. ಅದೂ ನಿಯಮವೇ.

“ನಿನ್ನ ರಾತ್ರಿ ನನಗೆ ಕೊಡು. ನನ್ನ ಹಗಲು ತಗೋ. ಮೂರು ತಿಂಗಳೂ.”

ಅವನು ಫೋನನ್ನು ಎದೆಗೆ ಒತ್ತಿಕೊಂಡು ಅವಳನ್ನು ನೋಡಿದ. “ಅಕ್ಕ, ತಮಾಷೆ ಮಾಡ್ಬೇಡಿ, ನಾನು ನಿದ್ದೆಗೆಟ್ಟೋನು. ನಂಬಿಬಿಡ್ತೀನಿ.”

“ಸಹಿ ಹಾಕು.”

“ಈ ವಯಸ್ಸಲ್ಲಿ ರಾತ್ರಿ ಪಾಳಿ ಮಾಡಿ, ಹಗಲು ಕ್ಲಾಸಿಗೆ ಹೋಗ್ತೀರಾ? ಮಧ್ಯ ಯಾವಾಗ ಮಲಗೋದು?”

“ಮೇಷ್ಟ್ರು ವ್ಯಾಕರಣ ಮಾಡುವಾಗ,” ಎಂದಳು. ಆ ದಿನ ಅವಳು ನಕ್ಕದ್ದು ಅದೊಂದೇ ಸಲ. ಅವನು ಸಹಿ ಹಾಕಿ, ಹಾಕಿದ್ದನ್ನು ಎಲ್ಲಿ ಅಳಿಸಿಬಿಡುತ್ತಾಳೋ ಎಂಬಂತೆ ಪುಸ್ತಕವನ್ನು ತಾನೇ ಮುಚ್ಚಿದ. ಕಾರಣ ಬರೆಯಬೇಕಿಲ್ಲದ ಅರ್ಧ ದಿನದ ರಜೆಯ ಚೀಟಿ ಬರೆದಿಟ್ಟು ಅವಳು ಎರಡೂವರೆಯ ಬಸ್ಸು ಹತ್ತಿದಳು.

ವಿಶ್ವವಿದ್ಯಾಲಯದ ಕಿಟಕಿಯಲ್ಲಿದ್ದ ಗುಮಾಸ್ತೆ ಅರ್ಜಿಯ ಮೇಲೆ ಬೆರಳು ಓಡಿಸುತ್ತ ಬಂದು ಕೊನೆಯ ಖಾಲಿ ಚೌಕದಲ್ಲಿ ನಿಲ್ಲಿಸಿದಳು. “ಇಲ್ಲಿ ಸಹಿ ಇಲ್ಲವಲ್ಲಮ್ಮ. ನೌಕರಿಯಲ್ಲಿರೋರನ್ನ ಎರಡನೇ ಸೆಮಿಸ್ಟರಿನಿಂದ ಮೇಲಧಿಕಾರಿ ಒಪ್ಪಿಗೆ ಇಲ್ಲದೆ ಸೇರಿಸ್ಕೊಳ್ಳಲ್ಲ.” ಅವಳ ಹಿಂದೆ ಸಾಲಿನಲ್ಲಿ ಏಳೆಂಟು ಜನ. ಯಾರೋ ಬೂಟಿನ ತುದಿಯಿಂದ ನೆಲ ಬಡಿಯುತ್ತಿದ್ದರು. ಅವಳು ಸರಿಯಲಿಲ್ಲ. ಸಹಿ ಸಿಗುವುದಿಲ್ಲ, ಸಹಿ ಬೇಡದ ದಾರಿ ಯಾವುದಾದರೂ ಇದ್ದರೆ ಹೇಳಿ ಎಂದಳು. ಗುಮಾಸ್ತೆ ದಪ್ಪ ಪುಸ್ತಕವೊಂದನ್ನು ತಿರುವಿ, ಇದನ್ನೂ ಕೇಳುವವರಿದ್ದಾರೆಯೇ ಎಂಬಂತೆ ನಿಟ್ಟುಸಿರಿಟ್ಟಳು.

“ಶ್ರೋತೃ ಅಂತ ಒಂದಿದೆ. ಬರೀ ಕೂತು ಕೇಳೋರು. ಪರೀಕ್ಷೆ ಇಲ್ಲ, ಅಂಕ ಇಲ್ಲ, ಸರ್ಟಿಫಿಕೇಟ್ ಇಲ್ಲ. ಹಾಜರಿಯಲ್ಲಿ ಹೆಸರೂ ಕರೆಯಲ್ಲ. ಕಲಿತಿದ್ದೀನಿ ಅಂತ ನಾಳೆ ಎಲ್ಲೂ ತೋರಿಸೋಕಾಗಲ್ಲ. ಏನು ಪ್ರಯೋಜನ ಹೇಳಿ?”

“ಅದೇ ಕೊಡಿ,” ಎಂದಳು ಅವಳು.

ತರಗತಿಯಲ್ಲಿ ಹಾಜರಿ ಕರೆದರು. ಅವಳ ಹೆಸರು ಬರುತ್ತಿದ್ದ ಜಾಗದಲ್ಲಿ ಮೇಷ್ಟ್ರು ತಲೆಯೆತ್ತಿ ಅವಳನ್ನು ನೋಡಿ, ಪುಸ್ತಕ ನೋಡಿ, ಮುಂದಿನ ಹೆಸರಿಗೆ ಹೋದರು. ಪಕ್ಕದ ಹುಡುಗಿ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ, “ಆಂಟಿ, ನೀವು ಫೇಲಾ?” ಎಂದಳು. ಹಿಂದಿನ ಬೆಂಚು ನಕ್ಕಿತು. ಹೋದ ವರ್ಷವಾಗಿದ್ದರೆ ಅವಳು ಚೀಲ ತಡಕಾಡುವ ನೆವದಲ್ಲಿ ತಲೆ ತಗ್ಗಿಸುತ್ತಿದ್ದಳು. ಈಗ ತಿರುಗಿ, ನಕ್ಕವರನ್ನು ಒಬ್ಬೊಬ್ಬರನ್ನಾಗಿ, ಎಕ್ಸ್-ರೇ ಚಿತ್ರ ನೋಡುವ ಹಾಗೆ ನೋಡಿದಳು, ಒಬ್ಬೊಬ್ಬರಾಗಿ ಸುಮ್ಮನಾದರು. ಮೇಷ್ಟ್ರು ಹದಿನಾರನೆಯ ಪಾಠ ತೆಗೆಯಲು ಹೇಳಿದರು. ಉಪಾಹಾರಗೃಹದಲ್ಲಿ ಒಂದು ಸಂಜೆ. ಮೆನು ಕೇಳುವುದು, ಖುರ್ಚಿ ಖಾಲಿಯಿದೆಯೇ ಎನ್ನುವುದು, ಚಹಾಕ್ಕೆ ಸಕ್ಕರೆ ಬೇಡವೆನ್ನುವುದು. ಪುಟದ ಚಿತ್ರದಲ್ಲಿ ಇಬ್ಬರು ಬಹಳ ಸಂತೋಷದಿಂದ ಎದುರುಬದುರು ಕೂತಿದ್ದರು. ಅವಳು ಕೈಯೆತ್ತಿದಳು.

“ಶ್ರೋತೃಗಳು ಪ್ರಶ್ನೆ ಕೇಳೋ ಹಾಗಿಲ್ಲಮ್ಮ,” ಎಂದರು ಮೇಷ್ಟ್ರು, ತಾವೇ ಮುಜುಗರಪಟ್ಟುಕೊಂಡು. “ನಾನು ಮಾಡಿದ ನಿಯಮ ಅಲ್ಲ.”

ಅವಳು ಕೈ ಇಳಿಸಲಿಲ್ಲ. ತೋಳು ನೋಯತೊಡಗಿತು. ಮೇಷ್ಟ್ರು ಮೆನುವಿನ ಎರಡು ಸಾಲು ಓದಿ, ಮೂರನೆಯದಕ್ಕೆ ಬಂದು, ಪುಸ್ತಕ ಕೆಳಗಿಟ್ಟರು. “ಸರಿ, ಏನು?”

“ಒಂದು ದೂರು ಬರೆಯೋದು ಹೇಗೆ ಅಂತ ಬೇಕಿತ್ತು ಸರ್, ಆ ಭಾಷೆಯಲ್ಲಿ. ಆಸ್ಪತ್ರೆಗೆ ಕೊಡೋ ದೂರು. ಓದಿದವನಿಗೆ ಪೂರ್ತಿ ಅರ್ಥ ಆಗಬೇಕು, ಅರ್ಥ ಆದಮೇಲೆ ಬೇಕಾದರೆ ಅವನೇ ಸಹಿ ಹಾಕ್ತಾನೆ, ಬೇಡದಿದ್ದರೆ ನನ್ನ ಮುಖದ ಮೇಲೆ ಎಸೀತಾನೆ.”

“ಅದು ಸಿಲಬಸ್ಸಿನಲ್ಲಿ ಇಲ್ಲ.”

“ಹಾಜರಿಯಲ್ಲಿ ನಾನೂ ಇಲ್ಲ. ನನಗೆ ಪರೀಕ್ಷೆ ಕೂಡ ಇಲ್ಲ, ಈ ಚಹಾದ ಪಾಠ ಬಾಯಿಪಾಠ ಮಾಡಿ ನಾನೇನು ಮಾಡಲಿ? ಇಲ್ಲೀವರೆಗೆ ಕಲಿತದ್ದರಲ್ಲಿ ಒಬ್ಬ ಮನುಷ್ಯನ ಹತ್ತಿರ ಹೋಗಿ ಎರಡು ಸಲ ಹವೆ ಚೆನ್ನಾಗಿದೆ ಅಂದು ಬಂದಿದ್ದೀನಿ. ಮೂರನೇ ಸಲ ಹೋಗಿ ಅದನ್ನೇ ಅನ್ನಲ್ಲ. ನೀವು ಹೇಳಿಕೊಡೋವರೆಗೂ ಈ ಕೈ ಇಳಿಸಲ್ಲ ಸರ್.”

ಪಕ್ಕದ ಹುಡುಗಿ ಉಪಾಹಾರಗೃಹದ ಪುಟವನ್ನು ಮುಚ್ಚಿ ನೋಟ್‌ಬುಕ್ಕಿನಲ್ಲಿ ಹೊಸ ಹಾಳೆ ತಿರುವಿದಳು. ಹಿಂದಿನ ಬೆಂಚಿನಲ್ಲೂ ಹಾಳೆ ತಿರುವಿದ ಸದ್ದಾಯಿತು. ಮೇಷ್ಟ್ರು ಬಾಗಿಲ ಕಡೆ ಒಮ್ಮೆ ನೋಡಿ, ಬೋರ್ಡು ಒರೆಸಿ, ಸೀಮೆಸುಣ್ಣ ತೆಗೆದುಕೊಂಡು ಮೇಲೆ ಬಲತುದಿಯಲ್ಲಿ ದಿನಾಂಕ ಬರೆದರು.

“ಮೊದಲು ಯಾರ ಮೇಲೆ ದೂರು ಅಂತ ಬರೀಬೇಕು,” ಎಂದರು. “ಹೆಸರು, ಹುದ್ದೆ. ಯಾರ ಮೇಲೆ?”

ಅವಳು ಎದ್ದು ನಿಂತು ತನ್ನ ಹೆಸರು ಹೇಳಿದಳು. ಆಮೇಲೆ ಹುದ್ದೆ ಹೇಳಿದಳು. ಮೇಷ್ಟ್ರು ತಿರುಗಿ ನೋಡಿದಾಗ, ಇನ್ನೊಮ್ಮೆ, ಅವರು ಬರೆದುಕೊಳ್ಳಲು ಅನುಕೂಲವಾಗುವಂತೆ ನಿಧಾನವಾಗಿ ಹೇಳಿದಳು.